ಕಂತಿನ ಹೊಸ ಫೋನೋ, ನಗದಿನ ನವೀಕೃತ ಫೋನೋ?

ಧಾರವಾಡದಲ್ಲಿ ಓದುತ್ತಿರುವ ಮಗಳಿಗೆ ಹತ್ತು ಸಾವಿರ ರೂಪಾಯಿಯೊಳಗೆ ಬದಲಿ ಫೋನು ಬೇಕೆಂದು ಕೇಳಿದ್ದೀರಿ. ಕಂತಿನಲ್ಲಿ ಹೊಸ ಅಗ್ಗದ ಫೋನು ಕೊಳ್ಳಬಹುದು. ಇಲ್ಲವೇ ನಗದು ಕೊಟ್ಟು, ನವೀಕರಿಸಿದ ಮೇಲ್ದರ್ಜೆಯ ಹಳೆಯ ಫೋನು ತರಬಹುದು.

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಅಂಗಡಿಗಳಲ್ಲಿ ‘ಬಡ್ಡಿಯಿಲ್ಲದ ಕಂತು’ ಎಂದು ಹೇಳಿದರೂ, ಪ್ರಕ್ರಿಯಾ ಶುಲ್ಕವೆಷ್ಟು, ನಗದು ಕೊಟ್ಟರೆ ಸಿಗುವ ರಿಯಾಯಿತಿ ಕಂತಿನಲ್ಲಿ ಕೈತಪ್ಪುತ್ತದೆಯೇ ಎಂಬುದನ್ನು ಕೇಳಿ, ಕಟ್ಟಬೇಕಾದ ಒಟ್ಟು ಮೊತ್ತವನ್ನು ಬರೆಸಿಕೊಳ್ಳಿ. ಒಂದು ಕಂತು ತಪ್ಪಿದರೂ ದಂಡ ಬೀಳುವುದಲ್ಲದೆ ಸಾಲ ತೀರಿಸುವ ಶಿಸ್ತನ್ನು ಬ್ಯಾಂಕುಗಳಿಗೆ ತೋರಿಸುವ ಸಿಬಿಲ್ ಅಂಕವೂ ಕುಸಿಯಬಹುದು. ನವೀಕೃತ ಫೋನಿಗೆ ಈ ತಲೆನೋವಿಲ್ಲ.

ಬಾಳಿಕೆಯಲ್ಲಿ ಲೆಕ್ಕ ತಿರುಗುತ್ತದೆ. ಹೊಸ ಫೋನಿಗೆ ಸಾಮಾನ್ಯವಾಗಿ ಒಂದು ವರ್ಷದ ವಾರಂಟಿ, ತಾಜಾ ಬ್ಯಾಟರಿ ಇರುತ್ತವೆ. ನವೀಕೃತ ಫೋನಿನ ಪರದೆ, ಕ್ಯಾಮೆರಾ ಬಹುಪಾಲು ಮೇಲಾಗಿದ್ದರೂ, ಬ್ಯಾಟರಿ ಸವೆದಿರಬಹುದು, ಭದ್ರತಾ ಅಪ್‌ಡೇಟ್ ನಿಂತಿರಬಹುದು. ಫೋನ್‌ಪೇಯಂಥ ಹಣದ ಆ್ಯಪ್ ಬಳಸುವವರಿಗೆ ಇದು ಸಣ್ಣ ಸಂಗತಿಯಲ್ಲ. ಕೊಳ್ಳುವ ಮೊದಲು *#06# ಒತ್ತಿ ಐಎಂಇಐ ಎಂಬ ಫೋನಿನ ಗುರುತು ಸಂಖ್ಯೆ ಪಡೆದು, ಕೆವೈಎಂ (KYM) ಎಂಬ ಇಂಗ್ಲಿಷ್ ಅಕ್ಷರಗಳ ನಂತರ ಜಾಗ ಬಿಟ್ಟು ಆ 15 ಅಂಕಿಗಳನ್ನು ಬರೆದು 14422ಕ್ಕೆ ಸಂದೇಶ ಕಳಿಸಿದರೆ, ಕಳವಾಗಿ ನಿರ್ಬಂಧಿಸಲಾದ ಫೋನಾಗಿದ್ದರೆ ತಿಳಿಯುತ್ತದೆ. ಬಿಲ್ಲು ಕೊಡದ ಅಂಗಡಿಯತ್ತ ಹೋಗಲೇಬೇಡಿ.

ಬಿಎಸ್ಸೆನ್ನೆಲ್ ಸಿಮ್ ಇದ್ದರೆ, 4ಜಿಗಾಗಿ ಬ್ಯಾಂಡ್ 28 ಎಂಬ ತರಂಗಾಂತರಕ್ಕೆ ಫೋನಿನಲ್ಲಿ ಬೆಂಬಲ ಇದೆಯೇ ನೋಡಿ. ಕೆಲವು ಹಳೆಯ ಫೋನುಗಳಲ್ಲಿ ಇರುವುದಿಲ್ಲ.

ತಿಂಗಳ ಸಂಬಳ ನಿಶ್ಚಿತವಿದ್ದು, ಕೈಯಲ್ಲಿ ಇಡಿಗಂಟು ಇಲ್ಲದವರಿಗೆ ಕಂತಿನ ಹೊಸ ಫೋನು ಸರಿ. ಆದಾಯ ಏರಿಳಿಯುವ ರೈತರು, ದಿನಗೂಲಿಯವರು ಕೈಯಲ್ಲಿದ್ದಷ್ಟರಲ್ಲೇ, ಆರು ತಿಂಗಳಾದರೂ ವಾರಂಟಿಯಿರುವ ನವೀಕೃತ ಫೋನು ಕೊಳ್ಳುವುದು ನನಗೆ ಹೆಚ್ಚು ಸೂಕ್ತವೆನಿಸುತ್ತದೆ.