ಸೋಫಾದ ಮೆತ್ತೆಗೆ ಯಾವುದು: ಫೋಮ್, ಹತ್ತಿ, ತೆಂಗಿನ ನಾರು?

ಹಾಸನದ ನಮ್ಮ ಮನೆಯ ಸೋಫಾಕ್ಕೆ ಹೊಸ ಮೆತ್ತೆ ಮಾಡಿಸುವ ಮೊದಲು ನಾಲ್ಕು ಬಗೆಯ ತುಂಡುಗಳನ್ನು ತಂದೆ: ಸಾದಾ ಫೋಮ್, ಹೆಚ್ಚು ಬೆಲೆಯ ‘ಬೆಂಕಿ ನಿರೋಧಕ’ ಫೋಮ್, ಹಿಂಜಿದ ಹತ್ತಿ, ರಬ್ಬರ್ ಹಾಲು ಸೇರಿಸಿ ಒತ್ತಿದ ತೆಂಗಿನ ನಾರು. ಅಂಗಳದಲ್ಲಿ ನೀರಿನ ಬಕೆಟ್ ಪಕ್ಕಕ್ಕಿಟ್ಟುಕೊಂಡು, ಒಂದೊಂದು ಚೂರನ್ನೂ ಹಂಚಿನ ಮೇಲಿಟ್ಟು ಮೊದಲು ಬೆಂಕಿಕಡ್ಡಿ, ಆಮೇಲೆ ಊದುಬತ್ತಿ ತಾಗಿಸಿದೆ. ಸೊಳ್ಳೆಬತ್ತಿ, ಊದುಬತ್ತಿ, ಬೀಡಿಯ ಕಿಡಿಗಳೇ ತಾನೆ ನಮ್ಮ ಮನೆಗಳಲ್ಲಿ ಹಾಸಿಗೆ, ಮೆತ್ತೆಗಳ ಮೇಲೆ ಬೀಳುವುದು?

ಸಾದಾ ಫೋಮ್ ಕಡ್ಡಿ ತಾಗುತ್ತಲೇ ಭಗ್ಗೆಂದು ಹತ್ತಿಕೊಂಡಿತು. ಕರಗಿ ತೊಟ್ಟಿಕ್ಕಿದ ಹನಿಗಳೂ ಉರಿದವು. ಈ ಫೋಮ್ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್; ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಕೂಡ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಉರಿ ಮೈಗೆ ತಾಗುವ ಮೊದಲೇ ಈ ಹೊಗೆ ಪ್ರಾಣ ತೆಗೆಯಬಲ್ಲದು. ಊದುಬತ್ತಿ ತಾಗಿಸಿದಾಗ ಮಾತ್ರ ಫೋಮಿನಲ್ಲಿ ಒಂದು ತೂತು ಬಿತ್ತು, ಅಷ್ಟೇ.

ನಿರೋಧಕ ಫೋಮ್ ಕಡ್ಡಿ ತೆಗೆದೊಡನೆ ಆರಿತು. ಆದರೆ ಹೊತ್ತಿಸಿದ ಕಾಗದದ ಉಂಡೆಯನ್ನು ಪಕ್ಕಕ್ಕಿಟ್ಟಾಗ ಅದೂ ಉರಿಯಿತು, ಹೊಗೆ ಇನ್ನಷ್ಟು ಕಪ್ಪಾಗಿತ್ತು. ಅದಕ್ಕೆ ಬೆರೆಸಿದ್ದೇನು ಎಂದು ಚೀಟಿಯಲ್ಲಿ ಇರಲಿಲ್ಲ, ಅಂಗಡಿಯವರಿಗೂ ಗೊತ್ತಿರಲಿಲ್ಲ. ನನಗೆ ಸಿಟ್ಟು ಬಂದದ್ದು ಇಲ್ಲಿ. ಫೋಮಿಗೆ ಸೇರಿಸುವ ಇಂಥ ಹಲವು ರಾಸಾಯನಿಕಗಳು ಅದರೊಂದಿಗೆ ಬೆಸೆದುಕೊಳ್ಳುವುದಿಲ್ಲ. ಮೆಲ್ಲನೆ ಮನೆಯ ಧೂಳಿಗೆ ಇಳಿದು, ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೋಮ್ 12 ಸೆಕೆಂಡ್ ಸಣ್ಣ ಜ್ವಾಲೆಯನ್ನು ತಾಳಬೇಕೆಂಬ ನಿಯಮ 1975ರಲ್ಲಿ ಬಂತು. ಅದಕ್ಕಾಗಿ ಬಳಸಿದ ಬ್ರೋಮಿನ್ ಸಂಯುಕ್ತ ಪೆಂಟಾ-ಬಿಡಿಇ 2009ರಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿ ಸೇರಿತು. ಭಾರತವೂ 2018ರಲ್ಲಿ ನಿಷೇಧಿಸಿತು. ಕ್ಯಾಲಿಫೋರ್ನಿಯಾವೇ 2013ರಲ್ಲಿ ನಿಯಮ ತಿದ್ದಿ, ಜ್ವಾಲೆಯ ಬದಲು ಹೊಗೆಯಾಡುವ ಸಿಗರೇಟಿನಿಂದ ಪರೀಕ್ಷಿಸುವ ಕ್ರಮ ತಂದಿತು. ರಾಸಾಯನಿಕವಿಲ್ಲದೆಯೂ, ಒಳ್ಳೆಯ ಹೊದಿಕೆ ಬಟ್ಟೆಯಿಂದಲೇ ಅದರಲ್ಲಿ ತೇರ್ಗಡೆಯಾಗಬಹುದು.

ಹತ್ತಿಯ ಅಪಾಯ ಬೇರೆ. ಊದುಬತ್ತಿ ತೆಗೆದ ಮೇಲೆ ಹೊಗೆಯೇ ಕಾಣಲಿಲ್ಲ. ಬಿಡಿಸಿ ನೋಡಿದರೆ ಒಳಗೆ ಕೆಂಡ ಹರಡುತ್ತಿತ್ತು. ತೆಂಗಿನ ನಾರು ತಡವಾಗಿ ಹತ್ತಿತು, ನಿಧಾನವಾಗಿ ಉರಿಯಿತು, ತೊಟ್ಟಿಕ್ಕಲಿಲ್ಲ.

ಕೊನೆಗೆ ಹತ್ತಿಯ ಮೇಲೆ ಕುರಿ ಉಣ್ಣೆಯ ಹಳೆಯ ಕಂಬಳಿಯ ತುಂಡು ಹೊದಿಸಿ ಊದುಬತ್ತಿ ಇಟ್ಟೆ. ಕಂಬಳಿ ಕರಿಕಾಯಿತು, ಕಿಡಿ ಕೆಳಗಿಳಿಯಲಿಲ್ಲ. ಉಣ್ಣೆಗೆ ಈ ಗುಣ ಹುಟ್ಟಿನಿಂದಲೇ ಇದೆ: ಸಾರಜನಕವೂ ತೇವವೂ ಹೆಚ್ಚು, ಸುಲಭಕ್ಕೆ ಉರಿ ಹಿಡಿಯುವುದಿಲ್ಲ.

ನನ್ನ ಆಯ್ಕೆ ತೆಂಗಿನ ನಾರು, ಮೇಲೊಂದು ಪದರ ಕಂಬಳಿ, ಅದರ ಮೇಲೆ ದಪ್ಪ ನೇಯ್ಗೆಯ ಬಟ್ಟೆ. ಅರಸೀಕೆರೆ, ಚನ್ನರಾಯಪಟ್ಟಣದ ತೆಂಗಿನ ಸೀಮೆ ಪಕ್ಕದಲ್ಲೇ ಇರುವ ನಮಗೆ ನಾರೇನು ದೂರದ ವಸ್ತುವಲ್ಲ. ಕೂರಲು ಫೋಮಿಗಿಂತ ಗಟ್ಟಿ, ಅದು ನಿಜ. ಹತ್ತಿ ಹಾಸಿಗೆಯೇ ಇರುವವರು ಕಿಡಿ ಬಿದ್ದಾಗ ಮೇಲೆ ನೀರು ಚಿಮುಕಿಸಿ ಸುಮ್ಮನಾಗಬೇಡಿ. ಹೊರಗೆ ಒಯ್ದು, ಹೊಲಿಗೆ ಬಿಚ್ಚಿ, ಒಳಗಿನವರೆಗೂ ನೆನೆಸಿ.