ಕರ್ತವ್ಯ ಪಥದಲ್ಲಿ ಜನವರಿ 26: ನೂರು ರೂಪಾಯಿ ಟಿಕೆಟ್‌ಗೆ ಏನೇನು ಸಿಗುತ್ತೆ

ದಿಲ್ಲಿಯ ಗಣರಾಜ್ಯೋತ್ಸವ ಪರೇಡನ್ನು ಬರೀ ಟಿವಿಯಲ್ಲಿ ನೋಡಿದವರಿಗೆ ಅದರ ಸದ್ದು ಗೊತ್ತಿರುವುದಿಲ್ಲ. ರಾಷ್ಟ್ರಗೀತೆಯ ಜೊತೆಜೊತೆಗೇ 21 ಕುಶಾಲು ತೋಪು ಹಾರುವಾಗ ಒಂದೊಂದೂ ಎದೆಗೇ ಬಂದು ಬಡಿಯುತ್ತದೆ. ಆಮೇಲೆ 61ನೇ ಅಶ್ವದಳದ ಕುದುರೆಗಳ ಗೊರಸಿನ ಸದ್ದು, ಒಂಟೆಗಳ ಮೇಲೆ ಬರುವ ಬಿಎಸ್‌ಎಫ್ ಬ್ಯಾಂಡು. ದುಡ್ಡು ಇಲ್ಲಿಗೇ ವಸೂಲು.

ಟಿಕೆಟ್ ಮಾರುವುದು ರಕ್ಷಣಾ ಸಚಿವಾಲಯದ ‘ಆಮಂತ್ರಣ್’ ಜಾಲತಾಣ. 2025ರಲ್ಲಿ ಪರೇಡ್‌ಗೆ 100 ಮತ್ತು 20 ರೂಪಾಯಿಯ ಎರಡು ದರ ಇದ್ದವು. ಜನವರಿ ಮೊದಲ ವಾರದಲ್ಲಿ ಮಾರಾಟ ಶುರು, ದಿನದ ಕೋಟಾ ಬೆಳಿಗ್ಗೆ 9ಕ್ಕೆ ತೆರೆಯುತ್ತದೆ, ಬೇಗ ಖಾಲಿಯಾಗುತ್ತದೆ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯ ಅಸಲಿಯೇ ಗೇಟಿನಲ್ಲಿ ಬೇಕು. ಜೆರಾಕ್ಸ್ ನಂಬಿಕೊಂಡು ಹೋಗಬೇಡಿ.

ಈ ಟಿಕೆಟ್ ನಿಮಗೆ ಆವರಣ ಕೊಡುತ್ತದೆಯೇ ಹೊರತು ಇಂಥದೇ ಕುರ್ಚಿ ಅಂತಲ್ಲ. ಮೊದಲು ಬಂದವರಿಗೆ ಮುಂದಿನ ಸಾಲು. ಹಿಂದೆ ಕೂತರೆ ಕಾಣುವುದು ಮುಂದಿನವರ ಎತ್ತಿದ ಮೊಬೈಲುಗಳೇ. ಪರೇಡ್ 10.30ಕ್ಕೆ ಶುರುವಾದರೂ 7ರೊಳಗೆ ಗೇಟಿನ ಹತ್ತಿರ ಇರಿ. ಆ ದಿನ ಮೆಟ್ರೋ ನಸುಕಿನಲ್ಲೇ ಓಡುತ್ತದೆ. ಟಿಕೆಟ್ ಮೇಲೆ ಉತ್ತರ ಬದಿ ಅಂತಿದ್ದರೆ ಸೆಂಟ್ರಲ್ ಸೆಕ್ರೆಟೇರಿಯಟ್, ದಕ್ಷಿಣ ಬದಿಯಾದರೆ ಉದ್ಯೋಗ್ ಭವನ್ ನಿಲ್ದಾಣದಲ್ಲಿ ಇಳಿಯಿರಿ. ತಪ್ಪು ಕಡೆ ಇಳಿದರೆ ರಸ್ತೆ ದಾಟುವ ಹಾಗಿಲ್ಲ, ಸುತ್ತು ಹಾಕಬೇಕು. ದಕ್ಷಿಣ ಬದಿ ಸಿಕ್ಕಿದರೆ ಅದೃಷ್ಟ: ಬಿಸಿಲು ಬೆನ್ನಿಗೆ ಬೀಳುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಉತ್ತರದವರಿಗೆ ಬಿಸಿಲು ನೇರ ಕಣ್ಣಿಗೆ.

ಬ್ಯಾಗು, ನೀರಿನ ಬಾಟಲಿ, ತಿಂಡಿ, ಛತ್ರಿ, ಲೈಟರ್, ಸೆಂಟು ಯಾವುದನ್ನೂ ಒಳಗೆ ಬಿಡುವುದಿಲ್ಲ. ಪವರ್ ಬ್ಯಾಂಕನ್ನೂ ರೂಮಿನಲ್ಲೇ ಬಿಡಿ. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೊರಡಿ. ಜನವರಿಯ ದಿಲ್ಲಿ ಚಳಿಯಲ್ಲಿ ಮೂರು ಗಂಟೆ ಅಲುಗಾಡದೆ ಕೂರುವುದು ಹುಡುಗಾಟವಲ್ಲ. ಸ್ವೆಟರ್ ಮೇಲೆ ಜಾಕೆಟ್, ಉಣ್ಣೆಯ ಕಾಲುಚೀಲ ಇರಲೇಬೇಕು, ಮೊದಲು ಮರಗಟ್ಟುವುದು ಪಾದ. ಚಿಕ್ಕ ಮಕ್ಕಳಿಗೆ ಇದು ಕಷ್ಟ.

ಕೊನೆಯ ವಿಮಾನ ಪ್ರದರ್ಶನವನ್ನೇ ನೆಚ್ಚಿಕೊಂಡು ಹೋಗಬೇಡಿ. ಮಂಜು ಕವಿದರೆ ಸದ್ದಷ್ಟೇ ಕೇಳುತ್ತದೆ, ವಿಮಾನ ಕಾಣುವುದಿಲ್ಲ.

ಪರೇಡ್ ಮುಗಿಯುತ್ತಲೇ ಎಲ್ಲರೂ ಮೆಟ್ರೋಗೆ ನುಗ್ಗುತ್ತಾರೆ. ಅರ್ಧ ಗಂಟೆ ತಡೆದು ಹೊರಡಿ. ಊಟಕ್ಕೆ ಬಂಗ್ಲಾ ಸಾಹಿಬ್ ಗುರುದ್ವಾರದ ಲಂಗರ್ ಒಳ್ಳೆಯದು: ದಾಲ್, ರೋಟಿ, ದುಡ್ಡಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು, ಅಲ್ಲೇ ಕೊಡುತ್ತಾರೆ. ಮಧ್ಯಾಹ್ನಕ್ಕೆ ಹುಮಾಯೂನ್ ಸಮಾಧಿ. ಸೆಂಟ್ರಲ್ ಸೆಕ್ರೆಟೇರಿಯಟ್‌ನಿಂದ ವಯಲೆಟ್ ಲೈನಿನಲ್ಲಿ ಎರಡನೇ ನಿಲ್ದಾಣ ಜೆಎಲ್‌ಎನ್ ಸ್ಟೇಡಿಯಂ, ಅಲ್ಲಿಂದ ಆಟೋ. 4ರ ನಂತರ ಓರೆ ಬಿಸಿಲಿಗೆ ಕೆಂಪು ಕಲ್ಲಿನ ಬಣ್ಣವೇ ಬೇರೆ. ಆರರ ಹೊತ್ತಿಗೆ ಕತ್ತಲಾಗುತ್ತದೆ. ರಾಷ್ಟ್ರೀಯ ಯುದ್ಧ ಸ್ಮಾರಕವನ್ನು ಇದೇ ದಿನಕ್ಕೆ ತುರುಕಬೇಡಿ, ಇನ್ನೊಂದು ಸಂಜೆ ನಿಧಾನವಾಗಿ ನೋಡುವ ಜಾಗ ಅದು.

ಸ್ತಬ್ಧಚಿತ್ರಗಳು ಮಾತ್ರ ಕಣ್ಣು ತುಂಬುವಷ್ಟರಲ್ಲಿ ಮುಂದೆ ಹೋಗಿಬಿಡುತ್ತವೆ. 2025ರಲ್ಲಿ ಕರ್ನಾಟಕ ತಂದಿದ್ದು ಲಕ್ಕುಂಡಿಯ ಶಿಲ್ಪಕಲೆ. ಅಷ್ಟು ಸೂಕ್ಷ್ಮ ಕೆತ್ತನೆಯನ್ನು ಓಡುವ ಗಾಡಿಯ ಮೇಲೆ ಎಷ್ಟಂತ ನೋಡುವುದು? ಈ ಸ್ತಬ್ಧಚಿತ್ರಗಳನ್ನು 26ರಿಂದ 31ರವರೆಗೆ ಕೆಂಪುಕೋಟೆಯ ಮುಂದೆ ಭಾರತ್ ಪರ್ವ್ ಉತ್ಸವದಲ್ಲಿ ನಿಲ್ಲಿಸಿರುತ್ತಾರೆ. 27ಕ್ಕೋ 28ಕ್ಕೋ ಅಲ್ಲಿಗೆ ಹೋಗಿ ಹತ್ತಿರದಿಂದ ನೋಡಿ.