ಸರ್ಕಾರಿ ಟಿ.ಬಿ. ಚಿಕಿತ್ಸೆ: ನಮ್ಮ ಮನೆಯ ಆರು ತಿಂಗಳು

ಚಿಕ್ಕಮಗಳೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್, ಅಂದರೆ ಲೆಕ್ಕ-ಹಾಜರಿ ನೋಡಿಕೊಳ್ಳುವವನು. ಹೋದ ವರ್ಷದ ಹಣ್ಣು ಕೊಯ್ಲಿನ ಹೊತ್ತಿಗೆ ನನ್ನ ಹೆಂಡತಿಗೆ ಕೆಮ್ಮು ಹಿಡಿಯಿತು. ಪೇಟೆಯ ಒಂದು ಖಾಸಗಿ ಕ್ಲಿನಿಕ್ಕಿಗೆ ಐದು ವಾರ ಅಲೆದೆವು. ಸಿರಪ್ಪು, ಆಂಟಿಬಯೋಟಿಕ್ಕು, ಮತ್ತೆ ಸಿರಪ್ಪು. ನಾಲ್ಕು ಸಾವಿರ ಖರ್ಚಾಯಿತು, ಕಫ ಪರೀಕ್ಷೆ ಮಾಡಿಸಿ ಎಂದು ಒಬ್ಬರೂ ಹೇಳಲಿಲ್ಲ. ಹೇಳಿದ್ದು ಎಸ್ಟೇಟಿನ ಕೆಲಸಗಾರರ ಲೈನ್ ಮನೆಗಳಿಗೆ ಬರುವ ಆಶಾ ಕಾರ್ಯಕರ್ತೆ, ನಮ್ಮೆಲ್ಲರ ಆಶಾ ಅಕ್ಕ. "ಎರಡು ವಾರ ದಾಟಿದ ಕೆಮ್ಮನ್ನ ಹಾಗೇ ಬಿಡ್ಬೇಡಿ ಅಣ್ಣ" ಎಂದು ಕಫದ ಡಬ್ಬಿ ಕೊಟ್ಟೇ ಹೋದರು.

ಬೆಳಿಗ್ಗೆ ಕೊಟ್ಟ ಕಫದ ರಿಪೋರ್ಟು ಸಂಜೆಗೇ ಬಂತು: ಟಿ.ಬಿ. ಟ್ರೂನ್ಯಾಟ್ ಎಂಬ ಈ ಕಫ ಪರೀಕ್ಷೆಯಲ್ಲಿ ರೋಗಾಣು ಇದೆಯೋ ಎನ್ನುವುದರ ಜೊತೆಗೆ ಟಿ.ಬಿ.ಯ ಮುಖ್ಯ ಔಷಧಿ ರಿಫಾಂಪಿಸಿನ್ ಅದಕ್ಕೆ ನಾಟುತ್ತದೋ ಇಲ್ಲವೋ ಎನ್ನುವುದೂ ಗೊತ್ತಾಗುತ್ತದೆ. ಇವಳ ತೂಕ 41 ಕಿಲೋ, ಅದಕ್ಕೆ ದಿನಕ್ಕೆ ಮೂರು ಮಾತ್ರೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ್ದು, ಆಮೇಲಿನ ನಾಲ್ಕು ತಿಂಗಳು ಮೂರು ಸೇರಿದ್ದು. ಒಂದು ಪೈಸೆ ಕೇಳಲಿಲ್ಲ.

ಒಂದು ಕೊರತೆ ಹೇಳಲೇಬೇಕು. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮಾತ್ರೆ ಕೊಟ್ಟವರು ಇದನ್ನು ಮೊದಲೇ ಹೇಳಬೇಕಿತ್ತು. ಮೊದಲ ದಿನ ಇವಳು ರಕ್ತ ಹೋಗುತ್ತಿದೆ ಎಂದು ಅಳುತ್ತಾ ಕೂತಿದ್ದಳು. ಇಂಥ ಒಂದು ಹೆದರಿಕೆ ಸಾಕು, ಎಷ್ಟೋ ಜನ ಮಾತ್ರೆ ಬಿಟ್ಟುಬಿಡುತ್ತಾರೆ. ಇನ್ನು ಪೌಷ್ಟಿಕ ಆಹಾರದ ದುಡ್ಡು. ತಿಂಗಳಿಗೆ 500 ಇದ್ದದ್ದು 2024ರ ನವೆಂಬರಿನಿಂದ 1,000 ರೂಪಾಯಿ ಆಗಿದೆ. ಬ್ಯಾಂಕಿನವರು ಖಾತೆಗೆ ಆಧಾರ್ ಜೋಡಿಸುವುದಕ್ಕೆ ಓಡಾಡಿಸಿದ್ದರಿಂದ ನಮಗೆ ಮೊದಲ ಕಂತು ಸಿಕ್ಕಿದ್ದು ನಾಲ್ಕನೇ ತಿಂಗಳಲ್ಲಿ. ಮೊಟ್ಟೆ ಬೇಕಾಗಿದ್ದು ಮೊದಲ ತಿಂಗಳಲ್ಲಿ.

ರೋಗದ ಹೆಸರು ಕೇಳಿದ ದಿನವೇ ನನ್ನ ಅಮ್ಮ ಸೊಸೆಗೆ ಬೇರೆ ತಟ್ಟೆ, ಬೇರೆ ಲೋಟ ತೆಗೆದಿಟ್ಟರು. ಅಮ್ಮನ ತಪ್ಪಲ್ಲ. ನಮ್ಮ ಅಜ್ಜನ ಅಕ್ಕನನ್ನು 1930ರ ದಶಕದಲ್ಲಿ ಮೈಸೂರಿನ ಸ್ಯಾನಟೋರಿಯಂಗೆ ಸೇರಿಸಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯದಿಂದ ತೀರಿಕೊಂಡ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ 1921ರಲ್ಲಿ ಶುರುಮಾಡಿದ ಆಸ್ಪತ್ರೆ ಅದು. ಅರಮನೆಯವರನ್ನೂ ಬಿಡದ ಕಾಯಿಲೆ. ಆಗ ಮದ್ದು ಅಂದರೆ ಒಳ್ಳೆ ಗಾಳಿ, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ಹಾಸಿಗೆ. ಟಿ.ಬಿ.ಗೆ ನಾಟಿದ ಮೊದಲ ಆಂಟಿಬಯೋಟಿಕ್ಕು ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದೇ 1943ರಲ್ಲಿ. ಮನೆಗೆ ವಾಪಸು ಬಂದದ್ದು ಆಕೆಯ ಟ್ರಂಕು ಮಾತ್ರ ಎಂದು ಅಜ್ಜ ಹೇಳುತ್ತಿದ್ದರು.

ಆಶಾ ಅಕ್ಕ ಅಮ್ಮನ ಪಕ್ಕ ಕೂತು ಹೇಳಿದರು: "ಇದು ತಟ್ಟೆಯಿಂದ ಬರಲ್ಲ ಅಜ್ಜಿ, ಕೆಮ್ಮಿದ ಗಾಳಿಯಿಂದ ಬರೋದು. ಕಿಟಕಿ ತೆಗೀರಿ, ತಟ್ಟೆ ಒಳಗಿಡಿ." ಆರು ತಿಂಗಳೂ ಅವರು ಮಾತ್ರೆಯ ಖಾಲಿ ಪಟ್ಟಿ ಎಣಿಸಿಯೇ ಹೋಗುತ್ತಿದ್ದರು. ಮಳೆಗಾಲದಲ್ಲಿ ಜಿಗಣೆ ಕಡಿಸಿಕೊಂಡು ಬಂದ ದಿನವೂ ಬಿಡಲಿಲ್ಲ. ಈ ಸೇವೆಯಲ್ಲಿ ನಾನು ಪೂರ್ತಿ ಅಂಕ ಕೊಡುವುದು ಅವರಿಗೆ.

ಹೋಗುವವರು ಆಧಾರ್, ಪಾಸ್‌ಬುಕ್ಕು ಎರಡೂ ಇಟ್ಟುಕೊಂಡು ಹೋಗಿ. ಮನೆಮಂದಿಯನ್ನೂ ತಪಾಸಣೆ ಮಾಡಿಸಿ. ನಮ್ಮ ಮಗಳಿಗೆ ಮುಂಜಾಗ್ರತೆಯ ಮಾತ್ರೆ ಕೊಟ್ಟರು. ನಮ್ಮ ಲೈನಿನಲ್ಲಿ ಈಗ ಇನ್ನಿಬ್ಬರು ಕೆಮ್ಮುತ್ತಿದ್ದಾರೆ. ನಾಳೆ ಬೆಳಿಗ್ಗೆ ಎಸ್ಟೇಟಿನ ಜೀಪು ಕೇಳಿಟ್ಟಿದ್ದೇನೆ.